ನರ್ಸಮ್ಮ, ಸ್ವಲ್ಪ ಟ್ರಬಲ್ ಐತೆ

ಹೋದ ವಾರ ನಮ್ಮ ಮನೆಯ ಮಿಕ್ಸಿ ಚಟ್ನಿ ಅರ್ಧ ಆಗಿರುವಾಗಲೇ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಚಿತ್ರದುರ್ಗದಲ್ಲಿ ಈಗ ರಿಪೇರಿಯವರು ಮನೆಗೇ ಬರುತ್ತಾರೆ. ಬಂದವನು ಮಿಕ್ಸಿಯನ್ನು ತಲೆಕೆಳಗು ಮಾಡಿದ, ಅಲ್ಲಾಡಿಸಿದ, ಕಿವಿಯ ಹತ್ತಿರ ಹಿಡಿದು ಕೇಳಿದ. ಆಮೇಲೆ ದೊಡ್ಡ ಡಾಕ್ಟರ ಹಾಗೆ ಮುಖ ಮಾಡಿಕೊಂಡು, "ಟ್ರಬಲ್ ಒಳಗೈತೆ ಅಮ್ಮ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವನು ತನ್ನ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿಕೊಂಡ. ಅವನ ತಪ್ಪೇನೂ ಇರಲಿಲ್ಲ. ಇದೇ ಮಾತನ್ನು ನಾನು ಹೊಟ್ಟೆಯ ವಿಷಯದಲ್ಲಿ ಕೇಳಿದ್ದೇನೆ, ಎದೆಯ ವಿಷಯದಲ್ಲಿ ಕೇಳಿದ್ದೇನೆ, ಗಂಡಂದಿರ ವಿಷಯದಲ್ಲಂತೂ ಲೆಕ್ಕವಿಲ್ಲದಷ್ಟು ಕೇಳಿದ್ದೇನೆ. ಮಿಕ್ಸಿಯ ವಿಷಯದಲ್ಲಿ ಮಾತ್ರ ಇದೇ ಮೊದಲು.

ನಿಮಗೆ ನಂಬಿಕೆ ಬರುತ್ತದೋ ಇಲ್ಲವೋ, ಚಿಕ್ಕವಳಿದ್ದಾಗ ನಾನು ಟ್ರಬಲ್ ಅಂದರೆ ಒಬ್ಬ ಮನುಷ್ಯನ ಹೆಸರು ಎಂದು ತಿಳಿದಿದ್ದೆ. ನಮ್ಮದು ಹೊಸದುರ್ಗ. ಅಪ್ಪ ಅಲ್ಲಿಂದ ಹೊಳಲ್ಕೆರೆಗೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರು. ಮನೆಗೆ ಬರುವುದು ತಡವಾದ ದಿನವೆಲ್ಲ ಒಂದೇ ಕಾರಣ: "ರಾಮಗಿರಿ ಹತ್ರ ಟ್ರಬಲ್ ಕೊಡ್ತು ಕಣೇ." ಅಮ್ಮ ಮುದ್ದೆಯ ತಟ್ಟೆ ಮುಂದಿಡುತ್ತ, "ಇವತ್ತೂನಾ?" ಎನ್ನುವಳು. ನನ್ನ ಲೆಕ್ಕದಲ್ಲಿ ರಾಮಗಿರಿಯ ಗುಡ್ಡದ ಕೆಳಗೆ ಕಪ್ಪು ಕಂಬಳಿ ಹೊದ್ದ ಒಬ್ಬ ಆಸಾಮಿ ದಿನಾ ಅಪ್ಪನಿಗಾಗಿ ಕಾಯುತ್ತಿದ್ದ. ಒಂದು ದಿನ ತಡೆಯಲಾರದೆ, "ಅಪ್ಪಾ, ಅವನಿಗೆ ಟಿಕೆಟ್ ಕೊಡಬ್ಯಾಡ ಅಂತ ಕಂಡಕ್ಟರ್‌ಗೆ ಹೇಳ್ಬಿಡು" ಎಂದೆ. ಅಪ್ಪ ನಕ್ಕ ರಭಸಕ್ಕೆ ಸಾರು ನೆತ್ತಿಗೆ ಹತ್ತಿತು. ಮಾರನೆಯ ದಿನದಿಂದ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಡ್ರೈವರುಗಳೆಲ್ಲ ನನ್ನನ್ನು ಕಂಡರೆ, "ಏನಮ್ಮ, ಟ್ರಬಲಪ್ಪ ಇವತ್ತು ಯಾವ ಬಸ್ ಹತ್ತಿದ?" ಎಂದು ಕೇಳತೊಡಗಿದರು. ಎಸೆಸೆಲ್ಸಿ ಪಾಸಾಗುವವರೆಗೂ ಕೇಳಿದರು.

ಎಸೆಸೆಲ್ಸಿ ಆದಮೇಲೆ ಚಿತ್ರದುರ್ಗದಲ್ಲಿ ಎರಡು ವರ್ಷ ನರ್ಸಿಂಗ್ ತರಬೇತಿ ಪಡೆದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆರಿಗೆ ಮಾಡಿಸುವ ನರ್ಸಾಗಿ ನನ್ನನ್ನು ಹೊಳಲ್ಕೆರೆ ತಾಲೂಕಿನ ತಾಳ್ಯಕ್ಕೆ ಹಾಕಿದರು. ಬಿಳಿ ಸೀರೆ, ಒಂದು ಟ್ರಂಕು, ಕತ್ತರಿ ಹತ್ತಿ ತುಂಬಿದ ಸರ್ಕಾರದ ಪೆಟ್ಟಿಗೆ, ಮತ್ತು ಒಂದು ಇಂಗ್ಲಿಷ್ ನಿಘಂಟು. ನಿಘಂಟು ಯಾಕೆ ಅಂತೀರಾ? ನನಗೂ ಗೊತ್ತಿಲ್ಲ. ಓದಿದವಳು ಎಂದು ಜನ ತಿಳಿಯಲಿ ಎಂದು ಮೇಜಿನ ಮೇಲೆ ಇಟ್ಟಿದ್ದೆ.

ಜನ ತಿಳಿದೇ ತಿಳಿದರು. ಅದರ ಫಲ ಉಣ್ಣಬೇಕಾಗಿ ಬಂದಿದ್ದು ನಾನು. ಮೊದಲ ವಾರ ಒಬ್ಬ ಹಿರಿಯರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಪೇಟ ಸರಿಮಾಡಿಕೊಂಡು, "ನರ್ಸಮ್ಮ, ಟ್ರಬಲ್" ಎಂದರು.

"ಎಲ್ಲಿ?"

"ಒಳಗೆ."

"ಒಳಗೆ ಅಂದ್ರೆ ಎಲ್ಲಿ?"

"ಒಳಗೆ ಅಂದ್ರೆ ಒಳಗೇ ಕಣಮ್ಮ. ಹೊರಗಿದ್ರೆ ನಾನೇ ನೋಡ್ಕಂತಿರ್ಲಿಲ್ವಾ?"

ಅದು ವಾಯು. ಅಲ್ಲಿಗೆ ಒಂದು ಅರ್ಥ ಗೊತ್ತಾಯಿತು ಎಂದು ನಾನು ಖುಷಿಪಟ್ಟೆ. ಮರುದಿನವೇ ಐದು ಮಕ್ಕಳ ತಾಯಿಯೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ನೆಲ ನೋಡುತ್ತ, "ಇನ್ಮೇಲೆ ಟ್ರಬಲ್ ಬ್ಯಾಡ ನರ್ಸಮ್ಮ" ಎಂದಳು. ನಾನು ಹೊಸದಾಗಿ ಕಲಿತ ಪಾಂಡಿತ್ಯದಿಂದ ಆರು ವಾಯುಗುಳಿಗೆ ಎಣಿಸಿ ಕೊಟ್ಟೆ. ಆಕೆ ಅವುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು. ವಾಯುಗುಳಿಗೆಗೆ ಇಷ್ಟೊಂದು ಕೃತಜ್ಞತೆಯೇ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬಾವಿಯ ಹತ್ತಿರ ಆಕೆಯನ್ನು ಹಿಡಿದು ಬಿಡಿಸಿ ಬಿಡಿಸಿ ಕೇಳಿದಾಗ ತಿಳಿಯಿತು: ಆಕೆಗೆ ಬೇಡವಾಗಿದ್ದುದು ಆರನೆಯ ಮಗು. ಅರ್ಥವಾಗದೆ ಹೋಗಿದ್ದರೆ ಆ ಮಗುವಿಗೆ ನನ್ನ ಹೆಸರನ್ನೇ ಇಡಬೇಕಾಗುತ್ತಿತ್ತು.

ನನಗೆ ರೇಗಿತು. ಬಂದವರಿಗೆಲ್ಲ, "ಟ್ರಬಲ್ ಅನ್ನಬೇಡಿ, ಕನ್ನಡದಲ್ಲಿ ಬಿಡಿಸಿ ಹೇಳಿ" ಎಂದು ಪಾಠ ಶುರುಮಾಡಿದೆ. ಅಂಗಡಿಯ ಮುದುಕರೊಬ್ಬರು ಬೇಸರ ಮಾಡಿಕೊಂಡು, "ನೀವು ಇಂಗ್ಲಿಷ್ ಓದಿದೋರು. ನಮ್ಗೆ ಬರೋದು ಅದೊಂದೇ ಮಾತು. ಅದನ್ನೂ ಬ್ಯಾಡ ಅಂದ್ರೆ ನಿಮ್ಗೆ ಹೆಂಗೆ ಮರ್ಯಾದೆ ಕೊಡೋದು?" ಎಂದರು.

ನಿಜವಾದ ಕಷ್ಟ ಇನ್ನೊಂದಿತ್ತು. ನಾನು ಬಂದು ಆರು ತಿಂಗಳಾದರೂ ಒಂದೇ ಒಂದು ಹೆರಿಗೆಗೆ ಯಾರೂ ನನ್ನನ್ನು ಕರೆದಿರಲಿಲ್ಲ. ಜ್ವರಕ್ಕೆ ಬಂದರು, ಗಾಯಕ್ಕೆ ಬಂದರು, ಹೆರಿಗೆಗೆ ಮಾತ್ರ ಕೆಂಚಜ್ಜಿ. ಊರಿಂದ ಒಂದು ಮೈಲಿ ದೂರದ ಕುರುಬರ ಹಟ್ಟಿಯಲ್ಲಿ ಆಕೆಯ ಮನೆ. ಸುತ್ತಿನ ನಾಲ್ಕು ಹಳ್ಳಿಗಳಲ್ಲಿ ಓಡಾಡುತ್ತಿದ್ದವರಲ್ಲಿ ಅರ್ಧ ಜನ ಆಕೆಯ ಕೈಮೇಲೆ ಈ ಲೋಕಕ್ಕೆ ಬಂದವರೇ. ಹೊಳಲ್ಕೆರೆಯಿಂದ ತಪಾಸಣೆಗೆ ಬಂದ ಹಿರಿಯ ಸಿಸ್ಟರು ನನ್ನ ಹೆರಿಗೆ ರಿಜಿಸ್ಟರಿನ ಬಿಳಿ ಹಾಳೆಗಳನ್ನು ತಿರುವಿ, "ಯುಗಾದಿವರೆಗೂ ಹೀಗೇ ಇದ್ರೆ ನಿನ್ನನ್ನ ಬೇರೆ ಕಡೆ ಹಾಕಬೇಕಾಗುತ್ತೆ" ಎಂದರು. ಇತ್ತ ಅಪ್ಪ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, "ನಮ್ಮ ಹುಡುಗಿ ಇಲ್ದೆ ತಾಳ್ಯದಾಗೆ ಒಂದು ಮಗೂನೂ ಹುಟ್ಟಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅಲ್ಲಿ ಮಕ್ಕಳೆಲ್ಲ ನಾನಿಲ್ಲದೆಯೇ ಹುಟ್ಟುತ್ತಿದ್ದವು.

ಧೈರ್ಯ ಮಾಡಿ ಒಂದು ಬೆಳಗ್ಗೆ ಕೆಂಚಜ್ಜಿಯ ಮನೆಗೇ ಹೋದೆ. ಆಕೆಯ ಸೊಸೆ ತಿಪ್ಪಮ್ಮ ಬಸುರಿ. ಮೊದಲ ಮಗು ತವರುಮನೆ ಹಿರಿಯೂರಿನಲ್ಲಿ ಆಗಿತ್ತು, ಎರಡನೆಯದು ಇಲ್ಲೇ ಆಗಬೇಕು. ಅಜ್ಜಿ ಕಂಬಳಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮದುವೆ ಆಗೈತಾ?"

"ಇಲ್ಲಜ್ಜಿ."

"ಹೆತ್ತಿದೀಯಾ?"

"ಮದುವೆನೇ ಆಗಿಲ್ಲ ಅಂದ್ನಲ್ಲ ಅಜ್ಜಿ."

"ಹಂಗಾರೆ ಮಜ್ಜಿಗೆ ಕುಡ್ದು ಹೋಗು" ಎಂದಳು. ತಿಪ್ಪಮ್ಮ ಒಳಗೆ ಮುಸಿಮುಸಿ ನಕ್ಕದ್ದು ಕೇಳಿಸಿತು. ಮಜ್ಜಿಗೆ ಚೆನ್ನಾಗಿತ್ತು. ಕುಡಿದು ಬಂದೆ.

ಇದಾಗಿ ಎರಡು ತಿಂಗಳು ಕಳೆದಿರಬೇಕು. ಒಂದು ದಿನ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಕೆಂಚಜ್ಜಿಯ ಮಗ ಬೀರಪ್ಪ ಸೈಕಲ್ ತುಳಿದುಕೊಂಡು ಬಂದ. ಮುಖದ ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

"ನರ್ಸಮ್ಮ, ಬೇಗ ಬರ್ರಿ. ಮನೆತಾವ ದೊಡ್ಡ ಟ್ರಬಲ್ ಆಗೈತೆ. ಕಾಲು ಹೊರಗೆ ಬಂದವೆ, ತಲೆ ಬರ್ತಿಲ್ಲ. ಅವ್ವನೇ ಕಳ್ಸಿದ್ಲು."

ಕಾಲು ಮೊದಲು ಬಂದ ಹೆರಿಗೆಯನ್ನು ನಾನು ತರಬೇತಿಯಲ್ಲಿ ಒಂದೇ ಸಲ ನೋಡಿದ್ದೆ, ಅದೂ ದೊಡ್ಡ ಡಾಕ್ಟರ ಬೆನ್ನ ಹಿಂದಿನಿಂದ. ಪೆಟ್ಟಿಗೆ ಎತ್ತಿಕೊಂಡು ಕ್ಯಾರಿಯರ್ ಮೇಲೆ ಕೂತೆ. ದಾರಿಯುದ್ದಕ್ಕೂ ಕೇಳುತ್ತ ಹೋದೆ.

"ನೋವು ಯಾವಾಗ ಶುರುವಾಯ್ತು?"

"ಹೊತ್ತುಟ್ಟೋಕ್ ಮುಂಚೆನೇ. ಏನೂ ತಿಂದಿಲ್ಲ. ಏಳ್ತೈತೆ, ಬೀಳ್ತೈತೆ, ಒಂದೇ ಸಮ ಅರಚ್ತೈತೆ."

ಕಟ್ಟಿಕೊಂಡ ಹೆಂಡತಿಯನ್ನು ಹೀಗೆ ಏಳ್ತೈತೆ ಬೀಳ್ತೈತೆ ಎನ್ನುತ್ತಾನಲ್ಲ ಎಂದು ಕೋಪ ಬಂತು. ಆದರೆ ನಮ್ಮ ಕಡೆ ಹೆಂಡತಿಯನ್ನು 'ಅದು' ಎನ್ನುವ ಗಂಡಸರಿಗೇನು ಬರವೇ? ಬುದ್ಧಿ ಹೇಳುವ ಹೊತ್ತು ಇದಲ್ಲ ಎಂದು, ಕಾಲು ಮೊದಲು ಬಂದರೆ ಏನು ಮಾಡಬೇಕು ಎಂಬ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸುತ್ತ ಕೂತೆ. ಪಾಠದ ಕೊನೆಯ ಸಾಲು 'ಕೂಡಲೇ ಡಾಕ್ಟರನ್ನು ಕರೆಸಿ' ಎಂಬುದೊಂದೇ ನೆನಪಿಗೆ ಬರುತ್ತಿತ್ತು.

ಮನೆ ಮುಂದೆ ಇಳಿದವಳು ಅಲ್ಲೇ ನಿಂತುಬಿಟ್ಟೆ. ತಿಪ್ಪಮ್ಮ, ತುಂಬಿದ ಹೊಟ್ಟೆಯ ತಿಪ್ಪಮ್ಮ, ಬಾಗಿಲಲ್ಲಿ ನಿಂತು ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಬರ್ರಿ ನರ್ಸಮ್ಮ, ಕುಂತ್ಕಳ್ರಿ" ಎಂದಳು.

"ನಿಂತಿದ್ದೀಯಲ್ಲೇ! ಮಲಕ್ಕೊ! ಮಲಕ್ಕೊ ಮೊದಲು!" ಎಂದು ಕೂಗಿ ನಾನು ಅವಳ ತೋಳು ಹಿಡಿದು ನೆಲಕ್ಕೆ ಕೆಡವಲು ಹೋದೆ. ಮೊರದ ರಾಗಿಯೆಲ್ಲ ಚೆಲ್ಲಿತು.

"ಅಯ್ಯೋ, ಯಾಕ್ರೀ? ನಾನು ಚೆನ್ನಾಗೇ ಇದೀನಿ! ಟ್ರಬಲ್ ಆಗಿರೋದು ರೊಪ್ಪದಾಗೆ!"

ಮನೆಯ ಹಿಂದೆ, ಮುಳ್ಳಿನ ಬೇಲಿಯ ರೊಪ್ಪದಲ್ಲಿ ಒಂದು ಕುರಿ ಅಡ್ಡಬಿದ್ದಿತ್ತು. ಅದರ ಬಾಲದ ಕೆಳಗೆ ಎರಡು ಪುಟ್ಟ ಗೊರಸುಗಳು ಕಾಣುತ್ತಿದ್ದವು. ಪಕ್ಕದಲ್ಲಿ ಕೆಂಚಜ್ಜಿ.

ಆಗ ನನಗೆ ಬಂದ ಸಿಟ್ಟನ್ನು ಹೇಳಲಾರೆ. ಆರು ತಿಂಗಳು, ಎಂಟು ತಿಂಗಳು ಕಾದು ಸಿಕ್ಕಿದ ಮೊದಲ ಕರೆ ಒಂದು ಕುರಿಯದು! "ಅಜ್ಜಿ, ನಾನು ಮನುಷ್ಯರ ನರ್ಸು. ಇದು ಸರ್ಕಾರದ ಪೆಟ್ಟಿಗೆ. ದನದ ಡಾಕ್ಟರನ್ನ ಕರೀರಿ" ಎಂದೆ.

"ಅವ್ರು ಹೊಳಲ್ಕೆರೆಯಿಂದ ಬರೋಷ್ಟ್ರಲ್ಲಿ ಇದು ಸಾಯ್ತೈತೆ" ಎಂದಳು ಅಜ್ಜಿ. ಆಮೇಲೆ, ಮಗ ಕೇಳದಷ್ಟು ಮೆಲ್ಲಗೆ, ತನ್ನ ಎರಡೂ ಕೈ ನನ್ನ ಮುಂದೆ ಚಾಚಿದಳು. ಬೆರಳ ಗೆಣ್ಣುಗಳೆಲ್ಲ ನಿಂಬೆಕಾಯಿಯ ಹಾಗೆ ಊದಿಕೊಂಡಿದ್ದವು. "ಒಳಗೆ ಕೈ ಹೋಗ್ತಿಲ್ಲ ತಾಯಿ. ಬೀರಂದು ಗುದ್ದಲಿಯಂಥ ಕೈ. ನಿಂದು ಸಣ್ಣ ಕೈ. ಅದಕ್ಕೇ ಕಳ್ಸಿದೆ."

ಕುರಿ ತಲೆಯೆತ್ತಿ ನನ್ನ ಕಡೆ ನೋಡಿತು. ಕೂಗಿ ಕೂಗಿ ಅದರ ದನಿ ಸತ್ತುಹೋಗಿತ್ತು. ನಾನು ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಬಿಸಿನೀರು, ಸೋಪು ತರಿಸಿ ಮೊಣಕೈವರೆಗೆ ಉಜ್ಜಿ ತೊಳೆದುಕೊಂಡೆ.

"ಕುರಿಗೂ ಸೋಪಾ?" ಎಂದಳು ಅಜ್ಜಿ.

"ನನಗೆ ಹಾಗೇ ಕಲಿಸಿರೋದು."

"ಸರಿ, ತೊಳ್ಕ. ಈಗ ನಾನು ಹೇಳ್ದಂಗೆ ಕೇಳು. ಮರಿ ಕತ್ತು ಹಿಂದಕ್ಕೆ ತಿರುಗೈತೆ. ಎಳೀಬ್ಯಾಡ. ಮೊದ್ಲು ಒಳಕ್ಕೆ ತಳ್ಳು. ಅದು ಮುಕ್ಕಿದಾಗ ಸುಮ್ನಿರು, ಬಿಟ್ಟಾಗ ತಳ್ಳು."

ಹೊರಗೆ ಬರಬೇಕಾದ್ದನ್ನು ಒಳಗೆ ತಳ್ಳುವುದೇ ಎಂದು ಮನಸ್ಸು ಹಿಂಜರಿಯಿತು. ಆದರೂ ತಳ್ಳಿದೆ. ಬೆರಳಿಗೆ ಏನೇನೋ ಸಿಕ್ಕಿತು. ಕಣ್ಣು ಮುಚ್ಚಿಕೊಂಡೆ. "ಕಿವಿ ಸಿಕ್ತಾ? ಕಿವಿಯಿಂದ ಮುಂದಕ್ಕೆ ಹೋಗು. ಮೂತಿ ಸಿಗ್ತೈತೆ. ಮೂತೀನ ಅಂಗೈಯಾಗೆ ಮುಚ್ಕ, ಹಲ್ಲು ತಾಯಿಗೆ ತಾಗ್ಬಾರ್ದು. ಹಂಗೇ ತಿರುಗ್ಸು. ಅವಸ್ರ ಬ್ಯಾಡ." ಆಕೆಯ ಮಾತು ಕಿವಿಯ ಪಕ್ಕದಲ್ಲೇ ನಡೆಯುತ್ತಿತ್ತು, ನನ್ನ ಬೆರಳು ಅದರ ಹಿಂದೆಯೇ ಹೋಗುತ್ತಿತ್ತು. ಒಂದು ಗಳಿಗೆಯಲ್ಲಿ ಒಳಗೆ ಏನೋ ಮೆತ್ತಗೆ ಹೊರಳಿತು. ಕುರಿ ಜೋರಾಗಿ ಮುಕ್ಕಿತು. ಕಾಲುಗಳ ಮೇಲೆ ಗಲ್ಲವಿಟ್ಟುಕೊಂಡ ಹಾಗೆ ಮೂತಿ ಬಂತು, ಆಮೇಲೆ ಇಡೀ ಮರಿ ಜಾರಿ ನನ್ನ ಮಡಿಲಿಗೇ ಬಿತ್ತು.

ಮರಿ ಅಲ್ಲಾಡಲಿಲ್ಲ. "ಹೋಯ್ತು ಬಿಡು, ತಾಯಿ ಉಳೀತಲ್ಲ" ಎಂದಳು ಅಜ್ಜಿ. ಈಗ ನನ್ನ ಸರದಿ. ಕೂಸುಗಳ ಬಾಯಿಯ ಲೋಳೆ ಎಳೆಯಲು ಕೊಟ್ಟಿದ್ದ ರಬ್ಬರಿನ ನಳಿಕೆಯನ್ನು ಪೆಟ್ಟಿಗೆಯಿಂದ ತೆಗೆದೆ. ಒಂದು ತುದಿ ಮರಿಯ ಗಂಟಲಿಗೆ, ಇನ್ನೊಂದು ತುದಿ ನನ್ನ ಬಾಯಿಗೆ. ಎಳೆದೆ, ಉಗಿದೆ, ಮತ್ತೆ ಎಳೆದೆ. ಗೋಣಿತಾಟಿನಿಂದ ಎದೆ ಉಜ್ಜಿದೆ. ಮರಿ ಸೀನಿತು. ಸೀನಿ, ತಲೆ ಕೊಡವಿ, ಅರಚಿತು. ಬೀರಪ್ಪ ಕೈಮುಗಿದ. ಚೆಲ್ಲಿದ ರಾಗಿಯನ್ನು ಬಿಟ್ಟು ಬಂದು ನಿಂತಿದ್ದ ತಿಪ್ಪಮ್ಮ ಅತ್ತಳು. ಕೆಂಚಜ್ಜಿ ಮಾತ್ರ ನನ್ನ ಕೈಯಿಂದ ಆ ನಳಿಕೆಯನ್ನು ಇಸಕೊಂಡು, ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದಳು. "ಇದು ಇದ್ದಿದ್ರೆ ಎಷ್ಟು ಕೂಸು ಉಳೀತಿದ್ವೋ" ಎಂದಳು.

ಮೂರು ವಾರ ಕಳೆಯಿತು. ಒಂದು ದಿನ ನಾನು ಮುಂಜಾನೆಯ ಉಪ್ಪಿಟ್ಟು ತಿನ್ನುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಕೆಂಚಜ್ಜಿ! ಒಂದು ಮೈಲಿ ನಡೆದು ತಾನೇ ಬಂದಿದ್ದಳು. ನಾನು ತಟ್ಟೆ ಬಿಟ್ಟು ಎದ್ದು, "ಏನಜ್ಜಿ, ಟ್ರಬಲ್ಲಾ?" ಎಂದೆ. ಊರಿನ ಭಾಷೆ ನನ್ನ ಬಾಯಿಗೂ ಹತ್ತಿತ್ತು ನೋಡಿ.

"ಟ್ರಬಲ್ ಯಾಕೆ? ಸೊಸೆಗೆ ನೋವು ಬಂದೈತೆ, ಹೆರ್ತಾಳೆ. ಉಪ್ಪಿಟ್ಟು ತಿಂದೇ ಬಾ, ಹೋಗಾಣ. ಹೊತ್ತೈತೆ."

ಮಧ್ಯಾಹ್ನದ ಹೊತ್ತಿಗೆ ತಿಪ್ಪಮ್ಮನಿಗೆ ಹೆಣ್ಣುಮಗು ಆಯಿತು. ಸಲೀಸಾದ ಹೆರಿಗೆ. ನಾನು ಮಾಡಿದೆ, ಅಜ್ಜಿ ತಲೆದೆಸೆಯಲ್ಲಿ ಕೂತು ಸೊಸೆಯ ಕೂದಲು ಸವರುತ್ತ ನನ್ನ ಪ್ರತಿ ಕೆಲಸವನ್ನೂ ಗಮನಿಸುತ್ತಿದ್ದಳು. ರಿಜಿಸ್ಟರಿನ ಮೊದಲ ಸಾಲಿನಲ್ಲಿ ತಿಪ್ಪಮ್ಮನ ಹೆಸರು ಬರೆದೆ. ಮರುದಿನದಿಂದ ಕೆಂಚಜ್ಜಿ ಯಾವ ಮನೆಗೆ ಹೆರಿಗೆಗೆ ಹೊರಟರೂ ಮೊದಲು ತಾಳ್ಯಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಯುಗಾದಿಗೆ ಬಂದ ಹಿರಿಯ ಸಿಸ್ಟರು ಎರಡು ಪುಟ ತಿರುವಿ ಕನ್ನಡಕ ತೆಗೆದು ಒರೆಸಿಕೊಂಡರು.

ಹೊಲದ ಬದುಗಳ ಮೇಲೆ ನಡೆಯುತ್ತ ಒಮ್ಮೆ ಆಕೆಯನ್ನು ಕೇಳಿದೆ. "ಎಲ್ರೂ ಟ್ರಬಲ್ ಟ್ರಬಲ್ ಅಂತಾರಲ್ಲ, ನೀನು ಯಾಕಜ್ಜಿ ಅನ್ನಲ್ಲ?"

"ನಾನು ಎಲ್ಲಾನೂ ಕಣ್ಣಾರೆ ಕಂಡೋಳು, ನಂಗೆ ಯಾವ ನಾಚ್ಕೆ? ಬೇರೆ ಹೆಂಗಸ್ರಿಗೆ ಹಂಗಲ್ಲ. ಮುಟ್ಟು ಅಂತ ಗಂಡಸ್ರ ಮುಂದೆ ಹೇಳಾಕಾಗಲ್ಲ. ಗಂಡ ಹೊಡ್ದ ಅಂತ ಅತ್ತೆ ಮುಂದೆ ಹೇಳಾಕಾಗಲ್ಲ. ಆ ನಿನ್ನ ಇಂಗ್ಲಿಷ್ ಮಾತು ಒಳ್ಳೇದು. ಯಾರಿಗೂ ಅರ್ಥ ಆಗಲ್ಲ. ಹೇಳ್ದಂಗೂ ಆಯ್ತು, ಹೇಳ್ದೆ ಇದ್ದಂಗೂ ಆಯ್ತು. ನೀನು ಕೇಳೋದು ಕಲ್ತ್ಕ, ಅಷ್ಟೇ."

ಆಮೇಲೆ ನಾನು ಯಾರಿಗೂ ಕನ್ನಡದಲ್ಲಿ ಹೇಳಿ ಎಂದು ಪಾಠ ಮಾಡಲಿಲ್ಲ. "ಸ್ವಲ್ಪ ಟ್ರಬಲ್ ಐತೆ" ಎಂದು ಯಾರಾದರೂ ಬಾಗಿಲಿಗೆ ಬಂದರೆ ಕದ ಮುಂದೆ ಮಾಡಿ, ಚಾಪೆ ಹಾಸಿ, "ಕುಂತ್ಕಳ್ರಿ" ಎನ್ನುತ್ತಿದ್ದೆ. ಸುಮ್ಮನೆ ಕೂತರೆ ಆ ಒಂದು ಮಾತಿನೊಳಗಿಂದ ಒಂದೊಂದೇ ಸಂಗತಿ ಹೊರಬರುತ್ತಿತ್ತು. ಒಮ್ಮೊಮ್ಮೆ ಔಷಧಿ ಬೇಕಾಗುತ್ತಿತ್ತು. ಎಷ್ಟೋ ಸಲ ಅದೂ ಬೇಕಾಗುತ್ತಿರಲಿಲ್ಲ. ಹೋಗುವಾಗ, "ಟ್ರಬಲ್ ಕೊಟ್ವಿ ನರ್ಸಮ್ಮ" ಎನ್ನುತ್ತಿದ್ದರು. ಅಲ್ಲಿ ಅದರ ಅರ್ಥ ಥ್ಯಾಂಕ್ಸ್. ನಿಘಂಟನ್ನು ನಾನು ಮೇಜಿನಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ.

ಎರಡು ವರ್ಷದ ಮೇಲೆ ನನಗೆ ಮದುವೆಯಾಯಿತು. ಹುಡುಗನಿಗೆ ಚಿಕ್ಕಜಾಜೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ನೋಡಲು ಬಂದ ದಿನ ಎರಡು ಗಂಟೆ ತಡವಾಗಿ ಬಂದು, "ಸಿಗ್ನಲ್ ಟ್ರಬಲ್" ಎಂದರು. ಅಪ್ಪನಿಗೆ ಆ ಕ್ಷಣವೇ ಅಳಿಯ ಒಪ್ಪಿಗೆಯಾದ.

ಮರುವರ್ಷ ನಾನು ಬಸುರಿ, ಕೆಲಸ ಮನೆ ಇನ್ನೂ ತಾಳ್ಯದಲ್ಲೇ. ಹೆರಿಗೆಗೆ ಹೊಸದುರ್ಗಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಬಟ್ಟೆ ಜೋಡಿಸಿಟ್ಟಿದ್ದೆ. ಹೊರಡಲು ಇನ್ನೂ ನಾಲ್ಕು ದಿನ ಇರುವಾಗ, ಲೆಕ್ಕದ ದಿನಕ್ಕಿಂತ ಹದಿನೈದು ದಿನ ಮೊದಲೇ, ಒಂದು ಮಧ್ಯಾಹ್ನ ನೋವು ಶುರುವಾಯಿತು. ಗಂಡ ಡ್ಯೂಟಿಯಲ್ಲಿ, ಹೊಸದುರ್ಗದ ಕಡೆಯ ಬಸ್ಸು ಹೋಗಿ ಒಂದು ಗಂಟೆಯಾಗಿತ್ತು. ಪಕ್ಕದ ಮನೆಯವರು ಹಟ್ಟಿಗೆ ಓಡಿದರು. ಬೀರಪ್ಪನ ಸೈಕಲ್ಲಿನ ಮೇಲೆ ಕೆಂಚಜ್ಜಿ ಬಂದಳು, ಹಿಂದೆಯೇ ತಿಪ್ಪಮ್ಮ ನಡೆದು ಬಂದಳು. ಅಜ್ಜಿಯ ಕೈ ಆಗ ಪೂರ್ತಿ ನಿಂತುಹೋಗಿತ್ತು. ಬಾಯಿ ನಿಂತಿರಲಿಲ್ಲ. ಆಕೆ ಹೇಳುತ್ತ ಹೋದಳು, ತಿಪ್ಪಮ್ಮ ಮಾಡುತ್ತ ಹೋದಳು.

ನಾನು ಹಲ್ಲು ಕಚ್ಚಿ ಮಲಗಿದ್ದೆ. ಇಷ್ಟು ವರ್ಷ ಎಷ್ಟು ಹೆಂಗಸರಿಗೆ, "ಕೂಗಬೇಡಿ, ಶಕ್ತಿ ಹೋಗುತ್ತೆ, ಬಾಯಲ್ಲಿ ಉಸಿರು ಬಿಡಿ" ಎಂದು ಗದರಿದ್ದೇನೋ! ಈಗ ನಾನೇ ಕೂಗಿದರೆ ಊರು ಏನೆಂದೀತು? ಬೆವರು ಕಿವಿಗೆ ಇಳಿಯುತ್ತಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಅಜ್ಜಿ ಅದನ್ನು ನೋಡಿದಳು. ನನ್ನ ಹಣೆಯ ಮೇಲೆ ತನ್ನ ಊದಿದ ಅಂಗೈ ಇಟ್ಟು, ಕಿವಿಯ ಹತ್ತಿರ ಬಗ್ಗಿದಳು.

"ಕೂಗ್ಕ ತಾಯಿ, ಜೋರಾಗಿ ಕೂಗ್ಕ. ಇಲ್ಲಿ ಯಾವ ನರ್ಸಮ್ಮನೂ ಇಲ್ಲ."

ಕೂಗಿದೆ. ಬಸ್‌ಸ್ಟಾಪಿನಲ್ಲಿ ಕೂತವರೆಲ್ಲ ಎದ್ದು ನಿಂತರಂತೆ. ಹೊತ್ತು ಮುಳುಗುವ ಮೊದಲೇ ಮಗಳು ಹುಟ್ಟಿದಳು. ಅವಳು ನನಗಿಂತ ಜೋರಾಗಿ ಕೂಗಿದಳು.